ಗ್ರಾಫಿಕ್ಸ್ ಕಾರ್ಡಿಲ್ಲದ ಪುಟ್ಟ ಡಬ್ಬಿಯಲ್ಲಿ ಹದಿನಾರು ತೋಟದ ಚೆಕ್‌ರೋಲ್

ಮೊನ್ನೆ ಶನಿವಾರ ಬಟವಾಡೆ ಲೆಕ್ಕ ಮುಗಿಸಿ ಸಂಜೆ ಆರೂವರೆಗೆ ಆಫೀಸಿನ ಬಾಗಿಲು ಹಾಕಿದೆ. ಕಾಫಿ ತೋಟದ ಲೆಕ್ಕ ಬರೆಯುವವರಿಗೆ ಈ ಮಾತಿನ ತೂಕ ಗೊತ್ತಾಗುತ್ತದೆ. ಹದಿನಾರು ತೋಟ, ಕುಯ್ಲಿನ ಕಾಲ, ವಾರಕ್ಕೆ ಐನೂರು ಆರುನೂರು ಆಳಿನ ಚೆಕ್‌ರೋಲ್, ಅಂದರೆ ಹಾಜರಿ ಪಟ್ಟಿ. ಮೊದಲೆಲ್ಲ ನಾನೂ ಆಫೀಸಿನ ಇಬ್ಬರು ಹುಡುಗಿಯರೂ ಕೂತರೆ ರಾತ್ರಿ ಹತ್ತಾಗುತ್ತಿತ್ತು. ಈಗ ಆ ಕೆಲಸದ ದೊಡ್ಡ ಪಾಲನ್ನು ಮೇಜಿನ ಮೂಲೆಯಲ್ಲಿರುವ, ಊಟದ ಡಬ್ಬಿಯಷ್ಟು ದೊಡ್ಡ ಕಂಪ್ಯೂಟರ್ ಮಾಡುತ್ತಿದೆ. ಎಐ ಮಾಡೆಲ್ ಅದರೊಳಗೇ ಓಡುತ್ತದೆ. ತಿಂಗಳ ಬಾಡಿಗೆ ಇಲ್ಲ. "ಇದು ಚಿಕ್ಕಮಗಳೂರಲ್ಲಿ ಕೂತು ಮಾಡೋ ಕೆಲಸ ಅಲ್ಲ" ಅಂದವರು ಬಹಳ ಜನ. ಅದಕ್ಕೇ ಬರೆಯುತ್ತಿದ್ದೇನೆ.

ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ತೋಟದ ರೈಟರ್‌ಗಳು (ಹಾಜರಿ ಬರೆಯುವ ಗುಮಾಸ್ತರು) ದಿನಾ ಸಂಜೆ ವಾಯ್ಸ್ ಮೆಸೇಜ್ ಕಳಿಸುತ್ತಾರೆ. "ಮೂರನೇ ನಂಬರು ಒಂದಾಳು ಮರಗಸಿ, ಏಳು ಅರ್ಧಾಳು ಗೊಬ್ಬರ, ಹನ್ನೊಂದು ಕುಯ್ಲು ತೊಂಬತ್ತೆರಡು ಕೆಜಿ." ಹೀಗೆ ಎರಡು ಮೂರು ನಿಮಿಷ. ಮೊದಲು ಹೇಳುವುದು ಆಳಿನ ನಂಬರು; ಒಂದಾಳು ಅಂದರೆ ಪೂರ್ತಿ ದಿನದ ಕೆಲಸ, ಮರಗಸಿ ಅಂದರೆ ನೆರಳಿನ ಮರದ ಕೊಂಬೆ ಕಡಿಯುವುದು. ಮಳೆಗಾಲದಲ್ಲಿ ಕೊಟ್ಟಿಗೆಹಾರದ ಕಡೆ ನೆಟ್ ಇಲ್ಲದಿದ್ದರೆ ಫೋನನ್ನೇ ಜೀಪಿನಲ್ಲಿ ಕೊಟ್ಟು ಕಳಿಸುತ್ತಾರೆ. ಇದನ್ನೆಲ್ಲ ಕೇಳಿ ಕಾಲಂಗೆ ತುಂಬಬೇಕು. ಆಲ್ದೂರಿನ ಒಬ್ಬ ಪ್ಲಾಂಟರ್ ಗೌಡರು ಮೊದಲೇ ಹೇಳಿದ್ದರು, "ನಮ್ಮ ಆಳಿನ ಹೆಸರು, ಬ್ಯಾಂಕ್ ನಂಬರು ಹೊರಗಡೆ ಯಾವುದೋ ಕಂಪ್ಯೂಟರಿಗೆ ಹೋಗೋದು ಬೇಡ ಮಾರಾಯ್ರೇ." ಅವರದು ನ್ಯಾಯವಾದ ಮಾತು. ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಭಾವನನ್ನು ಕೇಳಿದೆ. "ಸುಮ್ನೆ ತಿಂಗಳಿಗೆ ಎರಡು ಸಾವಿರ ಕಟ್ಟಿ ಕ್ಲೌಡ್ ತಗೋ. ಮನೇಲಿ ಮಾಡೆಲ್ ಓಡಿಸೋಕೆ ಲಕ್ಷಗಟ್ಟಲೆ ಬೇಕು" ಅಂದರು.

2024ರ ಕೊನೆಯಲ್ಲಿ ಬೆಂಗಳೂರಿನ ಎಸ್‌ಪಿ ರೋಡಿನಿಂದ ಕಂಪನಿಯವರು ವಾಪಸ್ ಕೊಟ್ಟ ಒಂದು ಲೀಟರ್ ಗಾತ್ರದ ಹಳೇ ಡಬ್ಬಿ ತಂದೆ. ಎಂಟನೇ ತಲೆಮಾರಿನ ಐ5 ಪ್ರೊಸೆಸರ್, 16 ಜಿಬಿ ರ‍್ಯಾಮ್, ಹದಿನಾರೋ ಹದಿನೇಳೋ ಸಾವಿರ. ಲಾಮಾ 3.1 ಅನ್ನುವ ಎಐ ಮಾಡೆಲಿನ 8ಬಿ (ಎಂಟು ಬಿಲಿಯನ್ ಅಂಕಿಗಳ) ಗಾತ್ರದ್ದು ಹಾಕಿದೆ. ಸೆಕೆಂಡಿಗೆ ಮೂರು ಟೋಕನ್ (ಮಾಡೆಲ್ ಬರೆಯುವ ಪದದ ಚೂರು). ಒಂದು ರೈಟರ್ ವಾಯ್ಸ್ ಮುಗಿಯುವಷ್ಟರಲ್ಲಿ ಕಾಫಿ ಕುಡಿದು ಬರಬಹುದಿತ್ತು. ಒಂದು ವಾರ ಸಾಫ್ಟ್‌ವೇರ್‌ನ ಸೆಟ್ಟಿಂಗ್ ತಿರುವಿದ್ದೇ ತಿರುವಿದ್ದು. ಕೊನೆಗೆ ಮುಚ್ಚಳ ಬಿಚ್ಚಿದೆ. ಮಾರಿದವನು 16 ಜಿಬಿಯ ಒಂದೇ ಮೆಮೊರಿ ಕಡ್ಡಿ ಹಾಕಿದ್ದ, ಪಕ್ಕದ ಸ್ಲಾಟ್ ಖಾಲಿ. ಖಾಲಿ ಅಂದರೆ ಪೂರ್ತಿ ಖಾಲಿಯೂ ಅಲ್ಲ. ಸಣ್ಣ ಕೆಂಪಿರುವೆಗಳು ಆ ಸ್ಲಾಟಿನ ಉದ್ದಕ್ಕೂ ಬಿಳಿ ಮೊಟ್ಟೆ ಸಾಲಾಗಿ ಇಟ್ಟುಕೊಂಡಿದ್ದವು. ನಮ್ಮ ಕಡೆ ಮಳೆ ಹಿಡಿದರೆ ಬೆಚ್ಚಗಿರುವ ಜಾಗವನ್ನು ಇರುವೆ ಬಿಡುವುದಿಲ್ಲ. ಬ್ರಷ್ ಹಾಕಿ ತೆಗೆದು, ಆ ಕಡ್ಡಿ ಕೊಟ್ಟು 8ರ ಎರಡು ಕಡ್ಡಿ ತಂದು ಹಾಕಿದೆ. ವೇಗ ಮೂರರಿಂದ ಆರಕ್ಕೆ ಹೋಯಿತು. ಪ್ರೊಸೆಸರ್ ಅದೇ, ಮಾಡೆಲ್ ಅದೇ.

ನನಗೆ ಕಣ್ಣು ತೆರೆದದ್ದು ಅವತ್ತು. ಒಂದೊಂದು ಟೋಕನ್ನಿಗೂ ಮಾಡೆಲನ್ನು ಪೂರ್ತಿ ರ‍್ಯಾಮಿನಿಂದ ಓದಬೇಕು; ಎರಡು ಕಡ್ಡಿಯಿದ್ದರೆ ಎರಡರಿಂದಲೂ ಒಟ್ಟಿಗೇ ಓದಬಹುದು. ಆದರೆ ಅಂಗಡಿಗೆ ಹೋದರೆ ಎಲ್ಲರೂ ಕೇಳುವುದು ಎಷ್ಟು ಕೋರ್, ಎಷ್ಟು ಜಿಬಿ ಅಂತ. ಸೆಕೆಂಡಿಗೆ ಎಷ್ಟು ಜಿಬಿ ಓದುತ್ತೆ ಅಂತ ಯಾರೂ ಕೇಳುವುದಿಲ್ಲ. ಆ ಡಬ್ಬಿಯಲ್ಲಿ ಒಂದು ಕಡ್ಡಿಗೆ ಸೆಕೆಂಡಿಗೆ 21 ಜಿಬಿ, ಜೋಡಿಗೆ 42. ಆಮೇಲೆ ನಾನು ನೋಡಿದ ಪ್ರತಿ ಮೆಷಿನ್ನಿಗೂ ಮೊದಲು ಬರೆದುಕೊಂಡದ್ದು ಈ ಒಂದು ಅಂಕಿ.

ಅಂಕಿ ಹಿಡಿದು ಹೊರಟರೆ ಗ್ರಾಫಿಕ್ಸ್ ಕಾರ್ಡೇ ರಾಜ, ಅಲ್ವಾ? ನಾನೂ ಅದೇ ದಾರಿ ಹಿಡಿದೆ. 2025ರ ಬೇಸಿಗೆಯಲ್ಲಿ ಹಳೇ ಆರ್‌ಟಿಎಕ್ಸ್ 3060, 12 ಜಿಬಿಯದ್ದು, 19 ಸಾವಿರಕ್ಕೆ ತಗೊಂಡೆ. ಅದರ ಓದುವ ವೇಗ 360 ಜಿಬಿ. ಕಾರ್ಡ್ ಹಿಡಿಸುವ ಕ್ಯಾಬಿನೆಟ್, ಎಸ್‌ಎಂಪಿಎಸ್, ಬೋರ್ಡ್ ಅಂತ ಇನ್ನೊಂದು ಇಪ್ಪತ್ತೈದು ಸಾವಿರ ಹೋಯಿತು. ಆಗಷ್ಟೇ ಬಂದಿದ್ದ ಗೂಗಲ್‌ನ ಜೆಮ್ಮಾ 3 ಮಾಡೆಲಿನ 12ಬಿ ಅದರಲ್ಲಿ ಸೆಕೆಂಡಿಗೆ ಇಪ್ಪತ್ತೆಂಟು ಮೂವತ್ತು ಟೋಕನ್ ಕೊಟ್ಟಿತು. ಕನ್ನಡವೂ ಚೆನ್ನಾಗಿತ್ತು. ಲಾಮಾ ಒಂದು ಕನ್ನಡ ಪದಕ್ಕೆ ಹತ್ತರ ಮೇಲೆ ಟೋಕನ್ ತಿನ್ನುತ್ತಿತ್ತು, ಜೆಮ್ಮಾ ಮೂರು ನಾಲ್ಕರಲ್ಲಿ ಮುಗಿಸುತ್ತಿತ್ತು. ಎರಡು ತಿಂಗಳು ನಾನು ಊರಿಗೆಲ್ಲ ತೋರಿಸಿಕೊಂಡು ಓಡಾಡಿದೆ.

ಜೂನ್ ಬಂತು. ದಿನಕ್ಕೆ ಐದಾರು ಸಲ ಕರೆಂಟು ಹೋಗುವ ಕಾಲ. ನನ್ನ 600 ವಿಎ ಯುಪಿಎಸ್‌ಗೆ ಆ ಹೊರೆ ತಡೆಯಲಿಲ್ಲ. ಕಾರ್ಡೊಂದೇ 170 ವಾಟ್ ಎಳೆಯುತ್ತದೆ. ಕರೆಂಟು ಹೋದ ಕೂಡಲೇ ಯುಪಿಎಸ್ ಕೀ ಅಂದು ಕೈ ಬಿಡುತ್ತಿತ್ತು. ಒಂದು ಶುಕ್ರವಾರ ರಾತ್ರಿ ನಾಲ್ಕು ತೋಟದ ಫೈಲು ಅರ್ಧದಲ್ಲಿ ಹಾಳಾಗಿ, ಶನಿವಾರ ಕೈಯಲ್ಲೇ ಬರೆದೆವು. ದೊಡ್ಡ ಯುಪಿಎಸ್, ಬ್ಯಾಟರಿ ಅಂದರೆ ಮತ್ತೆ ಹದಿನೈದು ಸಾವಿರ. ಇನ್ನೊಂದು ಕಡೆ 12 ಜಿಬಿಯ ಗೋಡೆ. ಜೆಮ್ಮಾದ 27ಬಿ ಹಾಕಿದರೆ ಕಾರ್ಡಿನಲ್ಲಿ ಹಿಡಿಸದೆ ರ‍್ಯಾಮಿಗೆ ಚೆಲ್ಲಿ, ವೇಗ ನಾಲ್ಕಕ್ಕೆ ಇಳಿಯುತ್ತಿತ್ತು. ಆಗಸ್ಟಿನಲ್ಲಿ ಎಲ್ಲ ಸೇರಿಸಿ ಮಾರಿದೆ. ನಷ್ಟ ಹನ್ನೆರಡು ಹದಿಮೂರು ಸಾವಿರ. ಮನೆಯಲ್ಲಿ ಈ ಲೆಕ್ಕ ಹೇಳುವುದು ಸುಲಭ ಇರಲಿಲ್ಲ.

ಈ ನಡುವೆ ಹಾಸನದಲ್ಲಿ ಫೋಟೊ ಸ್ಟುಡಿಯೊ ಇಟ್ಟಿರುವ ಗೆಳೆಯನ ಹತ್ತಿರ ಮ್ಯಾಕ್ ಮಿನಿ ಎಂ4 ನೋಡಿದೆ. ಒಂದು ಭಾನುವಾರ ಪೂರ್ತಿ ಅಲ್ಲೇ ಕೂತು ಓಡಿಸಿದೆ. ಮೆಷಿನ್ ತುಂಬಾ ಒಳ್ಳೆಯದು. ಸದ್ದಿಲ್ಲ, ಬಿಸಿಯಿಲ್ಲ, 120 ಜಿಬಿ ವೇಗ, ಜೆಮ್ಮಾ 12ಬಿ ಹತ್ತು ಹನ್ನೊಂದು ಟೋಕನ್. ಬಂದಾಗ ಬೆಲೆ 59,900 ಇತ್ತು. ಆದರೆ ಅದರಲ್ಲಿ 16 ಜಿಬಿ ಬೆಸೆದೇ ಬರುತ್ತದೆ, ಅದರಲ್ಲೂ ಸಿಸ್ಟಂ ತನ್ನ ಪಾಲು ಇಟ್ಟುಕೊಳ್ಳುತ್ತದೆ. ನನಗೆ ಬೇಕಾದ ಮಾಡೆಲ್ 18 ಜಿಬಿ ದಾಟುತ್ತಿತ್ತು. ಜಾಸ್ತಿ ಮೆಮೊರಿಯದ್ದು ಲಕ್ಷದ ಹತ್ತಿರ ಇತ್ತು. ಎನ್ವಿಡಿಯಾದ ಡಿಜಿಎಕ್ಸ್ ಸ್ಪಾರ್ಕ್, ಎಎಂಡಿಯ ರೈಜನ್ ಎಐ ಮ್ಯಾಕ್ಸ್ ಪ್ಲಸ್ 395 ಚಿಪ್ಪಿನ ಮೆಷಿನ್ ಇವೆಲ್ಲ 128 ಜಿಬಿಯವರೆಗೆ ಹೋಗುತ್ತವೆ, 250ರ ಆಚೀಚೆ ವೇಗ. ಹದಿನಾರು ತೋಟದ ಫೀಸಿನಲ್ಲಿ ಅವನ್ನು ಕೊಳ್ಳಲಾಗದು. ಬಿಟ್ಟೆ.

ದಾರಿ ತೋರಿಸಿದ್ದು ಮೆಷಿನ್ ಅಲ್ಲ, ಮಾಡೆಲ್. ಅಲಿಬಾಬಾದ ಕ್ವೆನ್ 3 ಮಾಡೆಲುಗಳಲ್ಲಿ 30ಬಿ-ಎ3ಬಿ ಅಂತ ಒಂದಿದೆ. ಒಟ್ಟು ಮೂವತ್ತು ಬಿಲಿಯನ್, ಆದರೆ ಒಂದು ಟೋಕನ್ನಿಗೆ ಓದುವುದು ಮೂರು ಬಿಲಿಯನ್ ಮಾತ್ರ. ಜಾಗ ಜಾಸ್ತಿ ಬೇಕು, ವೇಗ ಕಮ್ಮಿಯಿದ್ದರೂ ನಡೆಯುತ್ತದೆ. ಅಂದರೆ ಸಾಮಾನ್ಯ ರ‍್ಯಾಮ್ ಜಾಸ್ತಿ ತುಂಬಿದ ಪುಟ್ಟ ಡಬ್ಬಿಗೆ ಹೇಳಿ ಮಾಡಿಸಿದ್ದು. ರೈಜನ್ 7 8845ಎಚ್‌ಎಸ್ ಇರುವ ಮಿನಿ ಪಿಸಿಯೊಂದನ್ನು ರ‍್ಯಾಮಿಲ್ಲದೆ, ಎಸ್‌ಎಸ್‌ಡಿ ಇಲ್ಲದೆ ನಲವತ್ತೆರಡು ಸಾವಿರಕ್ಕೆ ತರಿಸಿದೆ. ಡಿಡಿಆರ್5, 5600ರ 32 ಜಿಬಿ ಎರಡು ಕಡ್ಡಿ ಆಗ ಹದಿನೈದು ಸಾವಿರದ ಹತ್ತಿರ. ಎಸ್‌ಎಸ್‌ಡಿ ಆರು. ಒಟ್ಟು ಅರವತ್ತಮೂರು ಸಾವಿರ ಅಂತ ನೆನಪು. ಜೋಡಿ ಕಡ್ಡಿಗೆ ಓದುವ ವೇಗ ಸುಮಾರು 90 ಜಿಬಿ. "ಕಾರ್ಡಿಲ್ಲದೆ 30ಬಿಯಾ? ಆಗಲ್ಲ ಬಿಡು" ಅಂದರು ಭಾವ.

ಮೊದಲ ನಾಲ್ಕು ರಾತ್ರಿ ಅವರ ಮಾತೇ ನಿಜವಾಗುವ ಹಾಗಿತ್ತು. ಪ್ರೊಸೆಸರಿನೊಳಗೇ ಇರುವ ಗ್ರಾಫಿಕ್ಸ್ ಚಿಪ್ಪು ರೇಡಿಯಾನ್ 780ಎಂ ಮೇಲೆ ಎಎಂಡಿಯ ಸಾಫ್ಟ್‌ವೇರ್ ಆರ್‌ಒಸಿಎಂ ಹಾಕಲು ಹೊರಟು ಕೆಟ್ಟೆ. ಆ ಚಿಪ್ಪಿಗೆ ಆಗ ಅದರ ಅಧಿಕೃತ ಬೆಂಬಲವೇ ಇರಲಿಲ್ಲ. ಐದನೇ ರಾತ್ರಿ ಎಲ್ಲ ಅಳಿಸಿ ಮಾಡೆಲ್ ಓಡಿಸುವ ಲಾಮಾ.ಸಿಪಿಪಿ ಸಾಫ್ಟ್‌ವೇರನ್ನು, ಗ್ರಾಫಿಕ್ಸ್ ಚಿಪ್ಪನ್ನು ದುಡಿಸುವ ಇನ್ನೊಂದು ದಾರಿಯಾದ ವಲ್ಕನ್ ಜೊತೆ ಹಾಕಿದೆ. ಕ್ವೆನ್ ಸೆಕೆಂಡಿಗೆ ಇಪ್ಪತ್ತೆರಡು ಟೋಕನ್! ಸ್ಕ್ರೀನ್ ವಿಡಿಯೊ ತೆಗೆದು ಅವತ್ತೇ ರಾತ್ರಿ ಭಾವನಿಗೆ ಕಳಿಸಿದೆ. ಲಿನಕ್ಸ್‌ನಲ್ಲಿ ಗ್ರಾಫಿಕ್ಸ್‌ಗೆ ಹಂಚುವ ಮೆಮೊರಿಯ ಮಿತಿ ಏರಿಸುವ ಒಂದು ಸಾಲಿದೆ, ನಾನು ಹಾಕಿದ ಅಂಕಿ ಇಲ್ಲಿ ಬರೆಯುವುದಿಲ್ಲ. ಹುಡುಕುವವರಿಗೆ ಸಿಗುತ್ತದೆ. ಇನ್ನೊಂದು, ಯೋಚನೆ ಮಾಡುತ್ತಾ ಕೂರುವ ಮಾಡೆಲ್ ತಗೋಬೇಡಿ. ಇದೇ ಕ್ವೆನ್ ಮಾಡೆಲಿನ, ಜುಲೈ 2025ರಲ್ಲಿ ಬಂದ ಇನ್‌ಸ್ಟ್ರಕ್ಟ್ ಆವೃತ್ತಿ ನೇರ ಉತ್ತರ ಕೊಡುತ್ತದೆ.

ವಾಯ್ಸನ್ನು ಬರಹ ಮಾಡಲು ಮೊದಲು ವಿಸ್ಪರ್ ಇಟ್ಟಿದ್ದೆ. ನಮ್ಮ ಕನ್ನಡಕ್ಕೆ ಅದು ಸಾಲದು. ಐಐಟಿ ಮದ್ರಾಸಿನ ಎಐ4ಭಾರತ್‌ನ ಇಂಡಿಕ್ ಕನ್ಫಾರ್ಮರ್ ಹಾಕಿದ ಮೇಲೆ ಮಲೆನಾಡಿನ ಮಾತೂ ಪರವಾಗಿಲ್ಲ ಅನ್ನುವ ಹಾಗೆ ಬಂತು. ಆದರೆ ಅಸ್ಸಾಂ ಕಡೆಯಿಂದ ಬಂದ ಕೂಲಿಯವರ ಹೆಸರು ದಿನಕ್ಕೊಂದು ಥರ ಬರೆಯುತ್ತಿತ್ತು. ಹೆಸರು ಬಿಟ್ಟು ಚೆಕ್‌ರೋಲ್ ನಂಬರನ್ನೇ ಹೇಳಿ ಅಂತ ರೈಟರ್‌ಗಳಿಗೆ ಕಲಿಸಿದೆ.

ಅಷ್ಟಾದರೂ ಒಂದು ದೊಡ್ಡ ತಪ್ಪು ಆಯಿತು. ಒಂದು ತೋಟದಲ್ಲಿ ಹನ್ನೊಂದು ಜನ ಮಿಸ್ಟ್ ಸ್ಪ್ರೇಗೆ ನಿಂತು ಹೊತ್ತು ಮೀರಿ ಕೆಲಸ ಮಾಡಿದ್ದರು. ರೈಟರ್ "ಒಂದೂವರೆ ಆಳು" ಅಂದಿದ್ದ. ಮಾಡೆಲ್ ಅದನ್ನು 1 ಅಂತ ಬರೆಯಿತು. ವಿಚಿತ್ರ ಅಂದರೆ ಎರಡೂವರೆಯನ್ನು ಸರಿಯಾಗಿ 2.5 ಅಂತಲೇ ಬರೆಯುತ್ತಿತ್ತು. ನಾವು ಒಟ್ಟು ಮೊತ್ತ ನೋಡಿ ಬಿಟ್ಟೆವು. ಬಟವಾಡೆಯಲ್ಲಿ ಹನ್ನೊಂದು ಜನರಿಗೆ ಅರ್ಧ ದಿನದ ಕೂಲಿ ಕಮ್ಮಿ ಹೋಯಿತು. ಒಬ್ಬ ಹೆಂಗಸು ಲೈನ್ ಮನೆಯಿಂದ (ಕೂಲಿಯವರ ಸಾಲು ಮನೆ) ನಡೆದು ಬಂದು ರೈಟರನ್ನು ಕೇಳಿದಳಂತೆ. ಆ ಫೋನ್ ಬಂದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಭಾನುವಾರ ಬೆಳಿಗ್ಗೆ ನಾನೇ ಜೀಪ್ ಹತ್ತಿ ಹೋಗಿ ದುಡ್ಡು ಕೊಟ್ಟು ಬಂದೆ.

ಅವತ್ತಿನಿಂದ ಅಂಕಿಯನ್ನು ಮಾಡೆಲ್ ಕೈಗೆ ಕೊಡುವುದಿಲ್ಲ. ಕಾಲು, ಅರೆ, ಮುಕ್ಕಾಲು, ಒಂದೂಕಾಲು, ಒಂದೂವರೆ ಎಲ್ಲವನ್ನೂ ಒಂದು ಚಿಕ್ಕ ಪೈಥಾನ್ ಸ್ಕ್ರಿಪ್ಟ್ ಮೊದಲೇ ಅಂಕಿ ಮಾಡಿಬಿಡುತ್ತದೆ. ಕೂಡುವುದು ಲಿಬ್ರೆ ಆಫೀಸ್ ಶೀಟಿನ ಕೆಲಸ. ಮಾಡೆಲ್ ಮಾಡುವುದು ಯಾವ ಮಾತು ಯಾವ ಕಾಲಂಗೆ ಅಂತ ಬಿಡಿಸುವುದಷ್ಟೇ. ಅದೂ ಕನ್ನಡದಲ್ಲಿ ಉತ್ತರ ಕೇಳುವುದಿಲ್ಲ. ಮರಗಸಿಗೆ ಒಂದು ಕೋಡ್ ನಂಬರು, ಗೊಬ್ಬರಕ್ಕೆ ಒಂದು, ಚಿಗುರು ತೆಗೆಯುವುದಕ್ಕೆ ಒಂದು. ಕನ್ನಡ ಬರೆಯಲು ಕ್ವೆನ್ ಟೋಕನ್ ಜಾಸ್ತಿ ತಿನ್ನುತ್ತದೆ, ಕೋಡ್ ಆದರೆ ಒಂದು ವಾಯ್ಸಿಗೆ ಇಪ್ಪತ್ತು ಸೆಕೆಂಡ್ ಸಾಕು. ಒಂದೇ ಕೆಲಸಕ್ಕೆ ಮೂಡಿಗೆರೆಯಲ್ಲಿ ಒಂದು ಮಾತು, ಕೊಪ್ಪದಲ್ಲಿ ಇನ್ನೊಂದು. ಅವನ್ನೆಲ್ಲ ಸೇರಿಸಿದ ಪದಪಟ್ಟಿ ನನ್ನ ಹತ್ತಿರ ಇದೆ, ಸುಮಾರು ನಾನೂರು ಮಾತು. ಅದು ಎರಡು ವರ್ಷದ ದುಡಿಮೆ, ಸದ್ಯಕ್ಕೆ ಹಂಚುವುದಿಲ್ಲ.

ರೈಟರ್ ಪುಸ್ತಕದ ಫೋಟೊ ಕೊಟ್ಟು ಓದಿಸಲೂ ನೋಡಿದೆ. ಜೆಮ್ಮಾಗೆ ಚಿತ್ರ ಓದಲು ಬರುತ್ತದೆ. ಅಚ್ಚಾದ ಬಿಲ್ ಓದಿತು. ಪೆನ್ಸಿಲ್ ಬರಹ, ಅದರ ಮೇಲೆ ಕಾಫಿ ಹಣ್ಣಿನ ರಸದ ಕಲೆ, ಅಲ್ಲಿ ಕಾಣದ ಅಂಕಿಯನ್ನು ತಾನೇ ಹುಟ್ಟಿಸಿ ಬರೆಯಿತು. ಖಾಲಿ ಬಿಟ್ಟಿದ್ದರೆ ಬೇಸರ ಇರಲಿಲ್ಲ. ಆ ದಾರಿಯನ್ನೇ ಮುಚ್ಚಿದೆ. ಇಂಗ್ಲಿಷಿನಲ್ಲಿ ಬರುವ ಸುತ್ತೋಲೆಗಳನ್ನು ಇಂಡಿಕ್‌ಟ್ರಾನ್ಸ್2ರಲ್ಲಿ ಕನ್ನಡ ಮಾಡಿ, ಜೆಮ್ಮಾ ಕೈಲಿ ತಿದ್ದಿಸಿ, ರೈಟರ್‌ಗಳಿಗೆ ಕಳಿಸುವುದು ಮಾತ್ರ ಚೆನ್ನಾಗಿ ನಡೆದಿದೆ. ಜೆಮ್ಮಾ 12ಬಿ ಈ ಡಬ್ಬಿಯಲ್ಲಿ ಎಂಟು ಟೋಕನ್ನಿನ ಆಸುಪಾಸು. ರಾತ್ರಿ ಹಚ್ಚಿ ಮಲಗುತ್ತೇನೆ, ಬೆಳಿಗ್ಗೆ ಆಗಿರುತ್ತದೆ.

ವಾಟ್‌ಮೀಟರ್ ಹಾಕಿ ಒಂದು ವಾರ ಅಳೆದೆ. ಸುಮ್ನೆ ಇದ್ದಾಗ ಹತ್ತು ವಾಟ್, ಪೂರ್ತಿ ದುಡಿಯುವಾಗ ಅರವತ್ತೈದು ಎಪ್ಪತ್ತು. ಅದೇ ಹಳೇ ಯುಪಿಎಸ್ ಮುಕ್ಕಾಲು ಗಂಟೆ ಎಳೆಯುತ್ತದೆ. ಮಳೆಗಾಲದಲ್ಲಿ ಡಬ್ಬಿಯನ್ನು ರಾತ್ರಿಯೂ ಆರಿಸುವುದಿಲ್ಲ. ಒಳಗೆ ಬೆಚ್ಚಗಿದ್ದರೆ ತೇವ ಕೂರುವುದಿಲ್ಲ. ಇರುವೆಗೆ ಮೇಜಿನ ನಾಲ್ಕು ಕಾಲಿಗೂ ನೀರಿನ ಬಟ್ಟಲು ಇಟ್ಟಿದ್ದೇನೆ, ಅಜ್ಜಿ ಹಾಲಿನ ಕಪಾಟಿಗೆ ಇಡುತ್ತಿದ್ದ ಹಾಗೆ. ಕುಯ್ಲಿನ ಕಾಲದಲ್ಲಿ ಹೊಟ್ಟಿನ ಧೂಳು ಜಾಸ್ತಿ, ಹದಿನೈದು ದಿನಕ್ಕೊಮ್ಮೆ ಫ್ಯಾನ್ ಊದುತ್ತೇನೆ.

ಭಾವ ದೀಪಾವಳಿಗೆ ಬಂದಾಗ ಅರ್ಧ ದಿನ ಅದರ ಮುಂದೆ ಕೂತರು. ಹೋಗುವಾಗ ಮಾದರಿ ನಂಬರು ಬರೆದುಕೊಂಡು ಹೋದರು. ಆಲ್ದೂರಿನ ಗೌಡರೂ ತಮ್ಮ ತೋಟದ ಆಫೀಸಿಗೇ ಒಂದು ಮಾಡಿಕೊಡಿ ಅಂದಿದ್ದಾರೆ. ಡಬ್ಬಿ ಸಿಗುತ್ತದೆ. ಆದರೆ 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿದ್ದು ನಿಮಗೂ ಗೊತ್ತಲ್ಲ, ನಾನು ಕೊಟ್ಟ ಬೆಲೆಗೆ ಈಗ ಸಿಗುವ ಮಾತೇ ಇಲ್ಲ. ಲ್ಯಾಪ್‌ಟಾಪಿನ ಡಿಡಿಆರ್5, 32ರ ಜೋಡಿ ಕಡ್ಡಿ ಯಾರ ಹತ್ತಿರವಾದರೂ ಸುಮ್ನೆ ಬಿದ್ದಿದ್ದರೆ ಹೇಳಿ. ಒಂದೇ ಕಡ್ಡಿ ಇದ್ದರೆ ಬೇಡ.