ಅನಾಹಿತಾ ಅಂದೆ, ಅಜ್ಜಿಗೆ ಅನಾಹುತ ಅಂತ ಕೇಳಿಸಿತು

ಬಸಿರಾಗಿ ಏಳು ತಿಂಗಳು ತುಂಬುವಷ್ಟರಲ್ಲಿ ನನ್ನ ಫೋನಿನಲ್ಲಿ ಕೂಸಿಗೆ ಇಡಲು ಇಪ್ಪತ್ತಮೂರು ಹೆಸರು ಸೇರಿದ್ದವು. ಗ್ರೀಸು, ಈಜಿಪ್ಟು, ಪರ್ಷಿಯಾ ಅಂತ ಊರೂರಿನ ದೇವಿಯರು. ಗಂಡು ಹುಟ್ಟಿದರೆ ಏನು ಅಂತ ಯೋಚಿಸಿಯೇ ಇರಲಿಲ್ಲ. ನಮ್ಮ ತವರಿನಲ್ಲಿ ಅವ್ವ ರಾಜಲಕ್ಷ್ಮಿ, ಚಿಕ್ಕಮ್ಮ ವಿಜಯಲಕ್ಷ್ಮಿ, ಅತ್ತಿಗೆ ಭಾಗ್ಯಲಕ್ಷ್ಮಿ. ಬಾಗಿಲಲ್ಲಿ ಯಾರಾದರೂ "ಲಕ್ಷ್ಮೀ" ಅಂದರೆ ಅಡುಗೆಮನೆ, ಹಿತ್ತಲು, ಪಡಸಾಲೆ ಮೂರೂ ಕಡೆಯಿಂದ "ಆಂ?" ಅಂತ ಬರುತ್ತದೆ. ನಾಲ್ಕನೆಯವಳು ಬೇಡ ಅನ್ನುವುದಷ್ಟೇ ನನ್ನ ಹಟ.

ಹೆಸರಿನ ಪಟ್ಟಿಗಳಲ್ಲಿ ಕೊಡುವ ಅರ್ಥ ನಂಬಬೇಡಿ, ಕಥೆ ಓದಿ. ಪರ್ಸೆಫೊನಿ ಎದುರಿಗೆ "ವಸಂತದ ದೇವಿ" ಅಂತಿತ್ತು. ಓದಿದರೆ, ಹೂ ಕೀಳುತ್ತಿದ್ದ ಹುಡುಗಿಯನ್ನು ಪಾತಾಳದ ದೊರೆ ಹೊತ್ತೊಯ್ದ ಕಥೆ. ತಾಯಿ ಡಿಮೀಟರ್ ಮಗಳಿಗಾಗಿ ಭೂಮಿಯೆಲ್ಲ ಅಲೆಯುತ್ತಾಳೆ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಓದುವ ಕಥೆಯಲ್ಲ ಅದು. ತುಂಡಾದ ಗಂಡನ ದೇಹವನ್ನು ಹುಡುಕಿ ಜೋಡಿಸಿದ ಈಜಿಪ್ಟಿನ ಐಸಿಸ್ ತುಂಬಾ ಹಿಡಿಸಿದ್ದಳು. ಆದರೆ ಐಸಿಸ್ ಅಂದರೆ ಉಗ್ರರ ಗುಂಪು ಅಂತಾದ 2014ರ ನಂತರ ಆ ಅಕ್ಷರಗಳನ್ನು ಪಾಸ್‌ಪೋರ್ಟಿನಲ್ಲಿ ಯಾರು ಬರೆಸುತ್ತಾರೆ?

ಉಳಿದವನ್ನು ಗದಗಿಗೆ ಹೋದಾಗ ಅಜ್ಜಿಯ ಮುಂದೆ ಗಟ್ಟಿಯಾಗಿ ಓದಿದೆ. ಅಜ್ಜಿ ಅವರೆಕಾಯಿ ಸುಲಿಯುತ್ತಿದ್ದಳು.

"ಗಾಯಾ."

"ಎಲ್ಲಿ ಆತು ಗಾಯ?"

"ಅಥೀನಾ."

"ಅದೇನ?"

ಆಕಾಶದೇವಿ ನಟ್ ಅಂದದ್ದಕ್ಕೆ ತಮ್ಮ, "ಮುಂದಿನದು ಬೋಲ್ಟಾ?" ಅಂದ. ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದದ್ದು ಅನಾಹಿತಾ, ಪರ್ಷಿಯಾದ ಜಲದೇವತೆ. ಕಳಂಕವಿಲ್ಲದವಳು ಅಂತ ಅರ್ಥ. ಪಾರ್ಸಿಗಳಲ್ಲಿ ಈಗಲೂ ಇಡುವ ಹೆಸರು. ಅಜ್ಜಿಯ ಕೈ ಅಲ್ಲೇ ನಿಂತಿತು. "ಅನಾಹುತ ಅಂತ ಯಾರರೆ ಹೆಸರ ಇಡತಾರೇನ ಹುಚ್ಚಿ?" ಎಷ್ಟು ಬಿಡಿಸಿ ಹೇಳಿದರೂ ಅವಳ ಕಿವಿಯಲ್ಲಿ ಅದು ಅನಾಹುತವೇ. ಹೆಸರು ಇಡುವವರು ನಾವಾದರೂ ದಿನಕ್ಕೆ ಐವತ್ತು ಸಲ ಕೂಗುವವರು ಇಂಥವರೇ ಅಲ್ಲವೇ, ಅಳಿಸಿಬಿಟ್ಟೆ.

ಮಗಳು ಹುಟ್ಟಿದಳು. ಸ್ವಾತಿ ನಕ್ಷತ್ರ, ನಾಲ್ಕನೇ ಚರಣ, ಅಕ್ಷರ ತಾ. ಮಾವನವರಿಗೆ ಅಕ್ಷರ ತಪ್ಪಬಾರದು. ಇಪ್ಪತ್ತಮೂರರಲ್ಲಿ ತಾ ಇದ್ದದ್ದು ಮೂರಕ್ಕೆ. ಮೊದಲನೆಯವಳು ಈಜಿಪ್ಟಿನ ತಾವೆರೆಟ್. ಬಸುರಿ ಬಾಣಂತಿಯರನ್ನು ಕಾಯುವವಳು, ಆದರೆ ರೂಪ ನೀರುಕುದುರೆಯದು. ಹೆರಿಗೆಯಾಗಿ ಐದು ದಿನಕ್ಕೆ ನನ್ನ ಮೈಯೂ ಹಾಗೇ ಇತ್ತು, ಅದನ್ನು ಮಗಳಿಗೆ ದಾಟಿಸುವುದು ಬೇಡ ಅನ್ನಿಸಿತು. ಎರಡನೆಯವಳು ಉತ್ತರ ಆಫ್ರಿಕಾದ ಪ್ರಾಚೀನ ನಗರ ಕಾರ್ತೇಜಿನ ತಾನಿತ್. ಉಚ್ಚಾರ ಚೆಂದ, ಬೇರೆ ಯಾರಿಗೂ ಇಲ್ಲ. ರಾತ್ರಿ ಮೂರಕ್ಕೆ ಹಾಲು ಕುಡಿಸುತ್ತ ಫೋನಿನಲ್ಲಿ ಓದಿದೆ: ಅವಳ ಹೆಸರು ಕೆತ್ತಿದ ಕಲ್ಲುಗಳ ಕೆಳಗೆ ಸಿಕ್ಕಿದ್ದು ಸುಟ್ಟ ಎಳೆಗೂಸುಗಳ ಮೂಳೆ ತುಂಬಿದ ಮಡಕೆಗಳು. ಹರಕೆಯ ಬಲಿಯೋ, ತಾವಾಗೇ ಸತ್ತ ಕೂಸುಗಳೋ ಅಂತ ವಿದ್ವಾಂಸರಲ್ಲಿ ಇನ್ನೂ ಜಗಳವಿದೆ. ಫೋನು ಮಗುಚಿಟ್ಟು ಮಗುವಿನ ಉಸಿರು ನೋಡುತ್ತ ಬೆಳಗು ಮಾಡಿದೆ.

ಉಳಿದವಳು ತಾರಾ. ಬೌದ್ಧರ ದೇವಿ, ದಾಟಿಸುವವಳು. ಹಾಸ್ಟೆಲ್‌ನಲ್ಲಿ ಮುಂಡಗೋಡದ ಟಿಬೆಟನ್ ಹುಡುಗಿಯೊಬ್ಬಳಿದ್ದಳು, ಹೆಸರು ಡೊಲ್ಮಾ. ತಾರೆಗೆ ಟಿಬೆಟನ್ನರು ಅನ್ನುವುದೇ ಡೊಲ್ಮಾ ಅಂತ. ಅವಳ ಮಂಚದ ಮೇಲಿದ್ದ ಚಿತ್ರದಲ್ಲಿ ಹಸಿರು ತಾರೆ ಒಂದು ಕಾಲು ಮಡಚಿ, ಇನ್ನೊಂದನ್ನು ಕೆಳಗೆ ಚಾಚಿ ಕೂತಿದ್ದಳು. ಯಾಕೆ ಹಾಗೆ ಅಂದರೆ, "ಕರೆದರೆ ತಕ್ಷಣ ಎದ್ದು ಬರೋಕೆ" ಅಂದಿದ್ದಳು.

ಮಾವನವರು ಒಪ್ಪಲಿಲ್ಲ. "ತಾರಾ ಅಂದ್ರ ಬೃಹಸ್ಪತಿ ಹೆಂಡ್ತಿ. ಗಂಡನ್ನ ಬಿಟ್ಟು ಚಂದ್ರನ ಹಿಂದ ಹೋದಾಕಿ." ಪರದೇಶದ ದೇವಿಯರ ಕಥೆಯನ್ನೆಲ್ಲ ಜಾಲಾಡಿದ್ದ ನಾನು ಈ ಒಂದನ್ನು ಮರೆತೇ ಬಿಟ್ಟಿದ್ದೆ. ಒಳಗಿನಿಂದ ಅಜ್ಜಿ, "ಬೀಗರ, ನಾ ದಿನಾ ಮುಂಜಾನೆ ಅಹಲ್ಯಾ ದ್ರೌಪದೀ ಸೀತಾ ತಾರಾ ಅಂತೀನಲ್ಲ, ಆಕಿ ವಾಲಿ ಹೆಂಡ್ತಿ. ಸುಗ್ರೀವನ ಕೂಡ ಮತ್ತ ಜಗಳಕ್ಕ ಹೋಗಬ್ಯಾಡ ಅಂತ ಬುದ್ಧಿ ಹೇಳಿದಾಕಿ. ವಾಲಿ ಕೇಳಲಿಲ್ಲ, ಸತ್ತ" ಅಂದಳು. ಮಾವನವರು ಚಹಾದ ಬಟ್ಟಲು ನೋಡುತ್ತ ಕೂತರು.

ನಾನೂ ಒಂದು ಮಾತು ಸೇರಿಸಿದೆ. ದೊಡ್ಡಬಸಪ್ಪನ ಗುಡಿ ನೋಡಲು ಎಷ್ಟೋ ಸಲ ಹೋಗಿದ್ದ ಗದಗಿನ ಹತ್ತಿರದ ನಮ್ಮ ಡಂಬಳದಲ್ಲೇ, ಚಾಲುಕ್ಯರ ಆರನೇ ವಿಕ್ರಮಾದಿತ್ಯನ ಕಾಲದ 1095ರ ಶಾಸನದಲ್ಲಿ, ಆರ್ಯತಾರಾದೇವಿಯ ವಿಹಾರಕ್ಕೆ ದತ್ತಿ ಬಿಟ್ಟದ್ದಿದೆ. ಇದು ಯಾರಿಗೂ ಬೇಕಿರಲಿಲ್ಲ. ಅಜ್ಜಿ ಗೆದ್ದಾಗಿತ್ತು.

ಗಡಿಬಿಡಿ ಮಾಡಬೇಡಿ ಅಂತ ಹೇಳಲಿಕ್ಕೆ ಒಂದು ವಿಷಯ: ಹುಟ್ಟಿದ್ದನ್ನು 21 ದಿನದೊಳಗೆ ನೋಂದಾಯಿಸಿದರೆ ಸಾಕು, ಹೆಸರು ಸೇರಿಸಲು ಒಂದು ವರ್ಷದವರೆಗೆ ಶುಲ್ಕವಿಲ್ಲ.

ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಕಿವಿಯಲ್ಲಿ ತಾರಾ ಅಂದಳು, ಪದ್ಧತಿಯಂತೆ ಹೆಂಗಸರೆಲ್ಲ ಸೇರಿ ಅತ್ತೆಯ ಬೆನ್ನಿಗೆ ಗುದ್ದಿದರು. ಅಜ್ಜಿಯ ಬಾಯಲ್ಲಿ ಈಗ ಮಗಳು ತಾರವ್ವ. ಮಾವನವರು ಮಾತ್ರ ಬಂದಾಗಲೆಲ್ಲ ಚಪ್ಪಲಿ ಬಿಡುತ್ತಲೇ "ಎಲ್ಲಿ ನಮ್ಮ ಲಕ್ಷ್ಮೀ?" ಅನ್ನುತ್ತಾರೆ. ಮೂರು ಕಡೆಯಿಂದ "ಆಂ?" ಅಂತ ಬರುತ್ತದೆ. ತೊಟ್ಟಿಲಿಂದಲೂ ಒಂದು ದನಿ.