ಮಗುವನ್ನು ಮಣ್ಣು ಮಾಡಿ ಬಂದವರಿಗೆ

ನನ್ನ ಮಗ ತೀರಿಕೊಂಡಾಗ ಅವನಿಗೆ ಆರು ವರ್ಷ. ಡೆಂಗಿ ಜ್ವರ. ಐದು ದಿನದಲ್ಲಿ ಎಲ್ಲ ಮುಗಿಯಿತು. ಅದಾಗಿ ಈಗ ಒಂಬತ್ತು ವರ್ಷ. ಅವನ ಹೆಸರು ಇಲ್ಲಿ ಬರೆಯುವುದಿಲ್ಲ. ಅದು ನಾವು ಮನೆಯಲ್ಲಿ ದಿನಾ ಹೇಳುವ ಹೆಸರು, ಅಲ್ಲೇ ಇರಲಿ.

ಧಾರವಾಡದಲ್ಲಿ ಬಾಸೆಲ್ ಮಿಷನ್ (ಹಿಂದೆ ಯುರೋಪಿನಿಂದ ಬಂದ ಪ್ರೊಟೆಸ್ಟಂಟ್ ಮಿಷನರಿ ಸಂಸ್ಥೆ) ಕಾಲದಿಂದ ಬಂದ ಕ್ರೈಸ್ತ ಕುಟುಂಬ ನಮ್ಮದು. ನಾನು ಹನ್ನೊಂದು ವರ್ಷ ಸಂಡೇ ಸ್ಕೂಲಿನಲ್ಲಿ ಪಾಠ ಹೇಳಿದವಳು. ಕರ್ತನ ಪ್ರಾರ್ಥನೆ ನಿದ್ದೆಗಣ್ಣಿನಲ್ಲೂ ಬರುತ್ತಿತ್ತು. ಆದರೆ ಮಣ್ಣು ಕೊಟ್ಟು ಬಂದ ರಾತ್ರಿ 'ನಿನ್ನ ಚಿತ್ತವು' ಅನ್ನುವಲ್ಲಿ ನನ್ನ ಬಾಯಿ ಕಟ್ಟಿತು. ಮುಂದಿನ 'ನೆರವೇರಲಿ' ಅನ್ನುವ ಮಾತು ಬರಲೇ ಇಲ್ಲ.

ಈಗ ನಮ್ಮ ಸಭೆಯಲ್ಲಿ ಯಾರ ಮನೆಯಲ್ಲಾದರೂ ಹೀಗಾದರೆ ಅಯ್ಯನವರು, ಅಂದರೆ ನಮ್ಮ ಪಾದ್ರಿಗಳು, ನನಗೂ ಫೋನ್ ಮಾಡುತ್ತಾರೆ. ಹೋಗಿ ಕೂರುತ್ತೇನೆ. ಅಲ್ಲಿ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಪ್ರಾರ್ಥನೆ ಬರದಿದ್ದರೆ ಬಿಡಿ. ಬಲವಂತ ಮಾಡಬೇಡಿ. ಮಾರ್ಕನ ಸುವಾರ್ತೆ 2ನೇ ಅಧ್ಯಾಯದಲ್ಲಿ ನಾಲ್ಕು ಜನ ಒಬ್ಬ ಪಾರ್ಶ್ವವಾಯು ರೋಗಿಯನ್ನು ಹೊತ್ತು ತರುತ್ತಾರೆ. ಜನಸಂದಣಿಯಲ್ಲಿ ದಾರಿ ಸಿಗದೆ ಮಾಳಿಗೆ ಬಿಚ್ಚಿ ಕೆಳಗೆ ಇಳಿಸುತ್ತಾರೆ. ಯೇಸು ನೋಡಿದ್ದು ಅವರ ನಂಬಿಕೆಯನ್ನು ಅಂತ ಅಲ್ಲಿ ಬರೆದಿದೆ. ಮಲಗಿದ್ದವನು ಒಂದು ಮಾತೂ ಆಡಿಲ್ಲ. ಈಗ ಮಲಗಿರುವವರು ನೀವು. ನಾಲ್ಕು ಜನರನ್ನು ಆರಿಸಿಕೊಳ್ಳಿ, 'ನನ್ನಿಂದ ಆಗುತ್ತಿಲ್ಲ, ನೀವು ಮಾಡಿ' ಅಂತ ಬಾಯಿಬಿಟ್ಟು ಹೇಳಿ. ನನ್ನ ನಾಲ್ವರಲ್ಲಿ ಒಬ್ಬಳು ನಮ್ಮ ಅಕ್ಕ, ಒಬ್ಬರು ಪಕ್ಕದ ಮನೆಯ ಲಿಂಗಾಯತ ಅಜ್ಜಿ. ಅಜ್ಜಿ ತಮ್ಮ ದೇವರ ಮುಂದೆ ದೀಪ ಹಚ್ಚಿ ನಮ್ಮ ಹೆಸರು ಹೇಳುತ್ತಿದ್ದರು. ನಾನು ಬೇಡ ಅನ್ನಲಿಲ್ಲ.

ಸತ್ಯವೇದ ತೆರೆಯಬೇಕು ಅನ್ನಿಸಿದ ದಿನ 23ನೇ ಕೀರ್ತನೆಯಿಂದ ಶುರು ಮಾಡಬೇಡಿ. ಅದು ಆಮೇಲೆ ಬರಲಿ. 13ನೆಯದು ತೆಗೆಯಿರಿ. ಆರೇ ವಚನ, ಒಂದು ನಿಮಿಷವೂ ಬೇಕಿಲ್ಲ. ಇನ್ನೆಷ್ಟು ದಿನ ನನ್ನನ್ನು ಮರೆತಿರುತ್ತೀ ಅಂತ ದೇವರನ್ನೇ ಕೇಳುವ ಹಾಡು ಅದು. ಅದರ ಕೊನೆಯಲ್ಲಿ ಬರುವ ಸಮಾಧಾನವೂ ಹೆಚ್ಚು ಅನ್ನಿಸಿದರೆ 88ನೆಯದು. ಉಳಿದ ಅಳುವ ಕೀರ್ತನೆಗಳು ಹೆಚ್ಚಾಗಿ ಕೊನೆಯಲ್ಲಿ ಸ್ವಲ್ಪವಾದರೂ ಬೆಳಕಿಗೆ ತಿರುಗುತ್ತವೆ. ಇದು ತಿರುಗುವುದಿಲ್ಲ, ಕತ್ತಲಲ್ಲೇ ಮುಗಿಯುತ್ತದೆ. ಅಂಥದ್ದನ್ನೂ ಯಾರೂ ಕಿತ್ತುಹಾಕದೆ ಪವಿತ್ರ ಪುಸ್ತಕದಲ್ಲಿ ಉಳಿಸಿಕೊಂಡಿದ್ದಾರೆ ಅಂತ ಗೊತ್ತಾದಾಗ ನನಗೆ ಮೊದಲ ಸಲ ಉಸಿರು ಬಂತು. ಜೋರಾಗಿ ಓದಿ. ಅಡುಗೆ ಮನೆಯ ಬಾಗಿಲು ಹಾಕಿಕೊಂಡು ಕುಕ್ಕರ್ ಕೂಗುವಾಗ ನಾನು ಅದನ್ನು ಕೂಗಿ ಓದಿದ್ದೇನೆ. ದೇವರ ಮೇಲೆ ಸಿಟ್ಟು ಬಂದರೆ ದೇವರಿಗೇ ಹೇಳಿ. ಬೆನ್ನು ತಿರುಗಿಸಿ ಹೋಗುವುದಕ್ಕಿಂತ ಎದುರು ನಿಂತು ಜಗಳಾಡುವುದು ಮೇಲು. ಮಕ್ಕಳನ್ನೆಲ್ಲ ಕಳೆದುಕೊಂಡ ಸತ್ಯವೇದದ ಯೋಬನು ಮಾಡಿದ್ದೂ ಅದನ್ನೇ ಅಲ್ವಾ?

ಯೋಬನ ಗೆಳೆಯರ ಬಗ್ಗೆಯೂ ಹೇಳಬೇಕು. ಅಂಥವರು ನಿಮ್ಮ ಮನೆಗೂ ಬರುತ್ತಾರೆ. ಏಳು ದಿನ ಅವರು ಮಾತಿಲ್ಲದೆ ಅವನ ಪಕ್ಕ ನೆಲದ ಮೇಲೆ ಕೂತರು. ಅಲ್ಲಿಯವರೆಗೆ ಅವರು ಒಳ್ಳೆಯ ಗೆಳೆಯರು. ಬಾಯಿ ತೆರೆದು ಕಾರಣ ಹೇಳತೊಡಗಿದ ಮೇಲೆ ಕೆಟ್ಟಿತು. ಕೊನೆಯ ಅಧ್ಯಾಯದಲ್ಲಿ ದೇವರು ಸಿಟ್ಟಾಗಿದ್ದು ಆ ಗೆಳೆಯರ ಮೇಲೆ, ಕೂಗಾಡಿದ ಯೋಬನ ಮೇಲಲ್ಲ. ನಮ್ಮ ಮನೆಗೆ ಬಂದವರೊಬ್ಬರು 'ದೇವರ ತೋಟಕ್ಕೆ ಚೆಂದದ ಹೂವು ಬೇಕಿತ್ತು' ಅಂದರು. ಇನ್ನೊಬ್ಬರು 'ನಿಮ್ಮ ವಿಶ್ವಾಸ ಇನ್ನಷ್ಟು ಗಟ್ಟಿ ಇದ್ದಿದ್ದರೆ' ಅಂದರು. ಆ ಎರಡನೇ ಮಾತು ಎರಡು ವರ್ಷ ನನ್ನನ್ನು ಕೊಂದಿತು. ಅದಕ್ಕೆ ಉತ್ತರ ನನಗೆ ಗೆತ್ಸೇಮನೆಯಲ್ಲಿ, ಯೇಸು ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಪ್ರಾರ್ಥಿಸಿದ ತೋಟದ ಕಥೆಯಲ್ಲಿ, ಸಿಕ್ಕಿತು. ಈ ಪಾತ್ರೆ ನನ್ನಿಂದ ದೂರವಾಗಲಿ ಅಂತ ಯೇಸುವೇ ಬೇಡಿಕೊಂಡ. ಮೂರು ಸಲ. ಪಾತ್ರೆ ದೂರವಾಗಲಿಲ್ಲ. ಅವನಿಗೆ ನಂಬಿಕೆ ಕಡಿಮೆ ಇತ್ತು ಅನ್ನುತ್ತೀರಾ? ಮಕ್ಕಳ ಸಾವಿಗೆ ಹೆತ್ತವರ ಪಾಪ ಹುಡುಕುವವರಿಗೆ ಯೋಹಾನ 9ನೇ ಅಧ್ಯಾಯದ ಮೂರನೇ ವಚನ ತೋರಿಸಿ: ಹುಟ್ಟುಕುರುಡನ ಬಗ್ಗೆ ಕೇಳಿದಾಗ, ಇವನೂ ಪಾಪ ಮಾಡಲಿಲ್ಲ, ಇವನ ಹೆತ್ತವರೂ ಮಾಡಲಿಲ್ಲ ಅಂತ ಯೇಸು ಹೇಳಿದ್ದು ಅಲ್ಲಿದೆ. ವಾದಕ್ಕೆ ಶಕ್ತಿ ಇಲ್ಲದಿದ್ದರೆ ಒಂದು ಮಾತು ಸಿದ್ಧ ಇಟ್ಟುಕೊಳ್ಳಿ. ನನ್ನ ಮಾತು ಇದು: 'ನಮಗಾಗಿ ಪ್ರಾರ್ಥನೆ ಮಾಡ್ರಿ, ಕಾರಣ ಹೇಳಬ್ಯಾಡ್ರಿ.'

ಮಗು ಈಗ ಎಲ್ಲಿದೆ ಅನ್ನುವುದು ರಾತ್ರಿಯ ಪ್ರಶ್ನೆ. ದಾವೀದನ ಮಗು ಸತ್ತಾಗ ಅವನು ಹೇಳಿದ್ದು 2 ಸಮುವೇಲ 12ರಲ್ಲಿದೆ: ನಾನು ಅವನ ಹತ್ತಿರ ಹೋಗುತ್ತೇನೆ, ಅವನು ನನ್ನ ಹತ್ತಿರ ತಿರುಗಿ ಬರುವುದಿಲ್ಲ. ನಾನು ಹಿಡಿದುಕೊಂಡಿರುವುದು ಇಷ್ಟನ್ನೇ. ದೀಕ್ಷಾಸ್ನಾನ ಆಗುವ ಮೊದಲೇ ಕೂಸು ಹೋಯಿತು ಅಂತ ಒದ್ದಾಡುವ ಕಥೋಲಿಕ ತಾಯಂದಿರನ್ನು ನೋಡಿದ್ದೇನೆ. ಅಂಥ ಕೂಸುಗಳನ್ನು ಸಭೆ ದೇವರ ಕರುಣೆಗೆ ಒಪ್ಪಿಸುತ್ತದೆ ಎಂದು ಅವರ ಧರ್ಮೋಪದೇಶದ ಪುಸ್ತಕದಲ್ಲೇ ಇದೆ. ರೋಮಿನ ದೈವಶಾಸ್ತ್ರ ಆಯೋಗವೂ 2007ರಲ್ಲಿ, ಅವು ರಕ್ಷಣೆ ಹೊಂದುತ್ತವೆ ಎಂದು ನಿರೀಕ್ಷಿಸಲು ಗಟ್ಟಿಯಾದ ಕಾರಣಗಳಿವೆ ಎಂದು ಬರೆಯಿತು. ನಿಮ್ಮ ಫಾದರ್ ಹತ್ತಿರ ನೇರವಾಗಿ ಕೇಳಿ, ಮನಸ್ಸಿನಲ್ಲೇ ಇಟ್ಟುಕೊಂಡು ಕೊರಗಬೇಡಿ.

ಮನೆಯಲ್ಲಿ ಇನ್ನೊಂದು ಮಗು ಇದ್ದರೆ 'ದೇವರು ಕರೆದುಕೊಂಡು ಹೋದ' ಅನ್ನಬೇಡಿ. ನಾನು ಅಂದೆ. ಮಗಳಿಗೆ ಆಗ ನಾಲ್ಕು ವರ್ಷ. ಸಂಜೆ ಪ್ರಾರ್ಥನೆಗೆ ಕರೆದರೆ ಮಂಚದ ಕೆಳಗೆ ಅಡಗುತ್ತಿದ್ದಳು. ಪ್ರಾರ್ಥನೆ ಮಾಡಿದರೆ ದೇವರಿಗೆ ತಾನು ಇರುವ ಜಾಗ ಗೊತ್ತಾಗುತ್ತದೆ, ತನ್ನನ್ನೂ ಒಯ್ಯುತ್ತಾನೆ ಅಂತ. ತಿಂಗಳುಗಟ್ಟಲೆ ನನಗೆ ಅದು ತಿಳಿಯಲಿಲ್ಲ. ಆಮೇಲೆ ಸರಿಪಡಿಸಿ ಹೇಳಿದೆ: ಅಣ್ಣನಿಗೆ ದೊಡ್ಡ ಜ್ವರ ಬಂತು, ಅವನ ಮೈ ತಡೆಯಲಿಲ್ಲ, ದೇವರೂ ನಮ್ಮ ಜೊತೆ ಅತ್ತ. ಲಾಜರನ ಗೋರಿಯ ಹತ್ತಿರ ಯೇಸು ಕಣ್ಣೀರು ಹಾಕಿದ ಕಥೆಯನ್ನು ಅವಳು ಎಷ್ಟು ಸಲ ಹೇಳಿಸಿಕೊಂಡಳೋ.

ದೇವಾಲಯಕ್ಕೆ ಮರಳುವುದು ಕಷ್ಟ. ಕೊನೆಯ ಬೆಂಚಿನಲ್ಲಿ, ಪಕ್ಕದ ಬಾಗಿಲ ಹತ್ತಿರ ಕೂರಿ. ಸಂಡೇ ಸ್ಕೂಲ್ ಮಕ್ಕಳು ಹಾಡಲು ಮುಂದೆ ಬಂದಾಗ ನಾನು ಎದ್ದು ಹೊರಗೆ ಹೋಗುತ್ತಿದ್ದೆ, ಹಾಡು ಮುಗಿದ ಮೇಲೆ ಒಳಗೆ ಬರುತ್ತಿದ್ದೆ. ಯಾರೂ ಏನೂ ಅನ್ನಲಿಲ್ಲ. ಕರ್ತನ ಭೋಜನ ಮಾತ್ರ ಬಿಡಬೇಡಿ. ಅಲ್ಲಿ ಏನೂ ಹೇಳಬೇಕಾಗಿಲ್ಲ, ಸುಮ್ನೆ ಕೈ ಚಾಚಿದರೆ ಸಾಕು.

ಕ್ರಿಸ್ಮಸ್‌ನಲ್ಲಿ ನಕ್ಷತ್ರ ಕಟ್ಟಲು ಆಗದಿದ್ದರೆ ಕಟ್ಟಬೇಡಿ. ಡಿಸೆಂಬರ್ 28 ನೆನಪಿಟ್ಟುಕೊಳ್ಳಿ. ಹೆರೋದ ಕೊಲ್ಲಿಸಿದ ಬೇತ್ಲೆಹೇಮಿನ ಕೂಸುಗಳ ದಿನ ಅದು. ಮತ್ತಾಯ 2ರಲ್ಲಿ ರಾಹೇಲಳು ತನ್ನ ಮಕ್ಕಳಿಗಾಗಿ ಅಳುತ್ತಾಳೆ, ಸಮಾಧಾನ ಬೇಡ ಅನ್ನುತ್ತಾಳೆ. ಕ್ರಿಸ್ಮಸ್ ಕಥೆಯೊಳಗೇ ನಮ್ಮಂಥ ತಾಯಂದಿರಿಗೆ ಒಂದು ಜಾಗ ಇದೆ. ನಾವು ಆ ಸಂಜೆ ಮನೆಯಲ್ಲಿ ಒಂದು ಮೇಣದಬತ್ತಿ ಹಚ್ಚಿ ಅಷ್ಟನ್ನು ಓದುತ್ತೇವೆ, ಅವನಿಗೆ ಇಷ್ಟವಾದ ರವೆ ಉಂಡೆ ಮಾಡಿ ಓಣಿಯ ಮಕ್ಕಳಿಗೆ ಕೊಡುತ್ತೇವೆ.

ಅಳುವುದು ಅವಿಶ್ವಾಸ ಅಂತ ಯಾರಾದರೂ ಹೇಳಿದರೆ ಪ್ರೊಟೆಸ್ಟಂಟ್ ಸುಧಾರಣೆ ಶುರು ಮಾಡಿದ ಮಾರ್ಟಿನ್ ಲೂಥರನನ್ನು ನೆನಪಿಸಿ. 1542ರಲ್ಲಿ ಅವನ ಮಗಳು ಮಗ್ದಲೇನಾ ಹದಿಮೂರರ ವಯಸ್ಸಿನಲ್ಲಿ ಅವನ ಕಣ್ಣೆದುರೇ ಸತ್ತಳು. ದೇವರಿಗೆ ಸ್ತೋತ್ರ ಹೇಳಬೇಕು, ಆದರೆ ಅಳದೆ ಹೇಳಲು ನನಗೂ ಹೆಂಡತಿಗೂ ಆಗುತ್ತಿಲ್ಲ ಎಂದು ಅವನು ಗೆಳೆಯನಿಗೆ ಪತ್ರ ಬರೆದ.

ಊಟ ಸೇರದೆ, ನಿದ್ದೆ ಬರದೆ ವಾರಗಳು ಕಳೆದರೆ, ಸಾಯಬೇಕು ಅನ್ನಿಸಿದರೆ, ಡಾಕ್ಟರ ಹತ್ತಿರ ಹೋಗಿ. ಇದು ನಂಬಿಕೆಗೆ ಸೋಲಲ್ಲ. ಸಾವು ಬೇಡಿದ ಪ್ರವಾದಿ ಎಲೀಯನಿಗೆ ದೇವದೂತ ಉಪದೇಶ ಮಾಡಲಿಲ್ಲ. ಎಬ್ಬಿಸಿ ರೊಟ್ಟಿ, ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ. 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್ ಅನ್ನುವ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ನಾನು ಎಂಟು ತಿಂಗಳು ಮಾತ್ರೆ ತೆಗೆದುಕೊಂಡೆ.

ಗಂಡ ಹೆಂಡತಿ ಒಂದೇ ಥರ ಅಳುವುದಿಲ್ಲ. ನಮ್ಮವರು ಒಂದು ವರ್ಷ ದೇವಾಲಯದ ಮೆಟ್ಟಿಲು ಹತ್ತಲಿಲ್ಲ. ಭಾನುವಾರ ಬೆಳಗ್ಗೆ ಕುಡಗೋಲು ತೆಗೆದುಕೊಂಡು ಹೋಗಿ ಮಗನ ಗೋರಿಯ ಸುತ್ತ ಹುಲ್ಲು ಕೊಯ್ದು ಬರುತ್ತಿದ್ದರು. ನಾನು ಅದಕ್ಕೂ ಜಗಳ ಮಾಡಿದ್ದೆ. ಈಸ್ಟರ್ ದಿನ ಬೆಳಕು ಹರಿಯುವ ಮೊದಲು ಸಭೆಯವರೆಲ್ಲ ಸ್ಮಶಾನದಲ್ಲೇ ಆರಾಧನೆಗೆ ಸೇರಿದಾಗ ನೋಡಿದರೆ, ಅವರು ನಮಗಿಂತ ಮೊದಲೇ ಬಂದು ಅವನ ಗೋರಿಯ ಪಕ್ಕ ನಿಂತಿದ್ದರು. ಅಲ್ಲಿಂದ ನನ್ನ ಜೊತೆ ದೇವಾಲಯಕ್ಕೂ ಬಂದರು.

ಈಗಲೂ ಕೆಲವು ಭಾನುವಾರ 'ನಿನ್ನ ಚಿತ್ತವು' ಅನ್ನುವಲ್ಲಿ ನನ್ನ ಬಾಯಿ ನಿಲ್ಲುತ್ತದೆ. ಅವರಿಗೆ ಗೊತ್ತಾಗುತ್ತದೆ. ಆ ಸಾಲನ್ನು ಅವರು ಸ್ವಲ್ಪ ಜೋರಾಗಿ ಹೇಳುತ್ತಾರೆ. ಮುಂದಿನ ಸಾಲು ರೊಟ್ಟಿಯದ್ದು, ಅಲ್ಲಿಂದ ನಾನು ಸೇರಿಕೊಳ್ಳುತ್ತೇನೆ.