ಇನ್‌ಲೇ ಕೀಳದೆ ಕೂರಿಸಿದ್ದು: ನನ್ನ ಅನುಭವ

ಹಳೇ ಟೇಬಲ್ಲೊಂದರ ಇನ್‌ಲೇ, ಅಂದರೆ ಮರದ ಮೈಯಲ್ಲಿ ಕೂರಿಸಿದ ಬೇರೆ ಮರದ ಗೆರೆ-ಚಿತ್ರ, ಅಂಟು ಬಿಟ್ಟು ಎದ್ದಿತ್ತು. "ಎದ್ದಿರೋದನ್ನೆಲ್ಲ ಕಿತ್ತು, ಹಳೇ ಅಂಟು ಕೆರೆದು, ಬಿಳಿ ಅಂಟು ಹಾಕಿಬಿಡು." ಇಲ್ಲಿ ಇಂಗ್ಲೆಂಡಿನಲ್ಲಿ ಹಳೇ ಮರದ ಸಾಮಾನು ರಿಪೇರಿ ಮಾಡುವ ಗೆಳೆಯರೆಲ್ಲ ಹೇಳಿದ್ದು ಇಷ್ಟೇ. ನಾನು ಕೇಳಲಿಲ್ಲ. ಈಗ ಬಂದು ಬೆರಳಾಡಿಸಿ ನೋಡಲಿ.

ಸೈಡ್ ಟೇಬಲ್ಲು 1905ರ ಆಸುಪಾಸಿನದು. 1790ರ ಷೆರಾಟನ್ ಶೈಲಿಯನ್ನು (ಷೆರಾಟನ್ ಅನ್ನೋ ಇಂಗ್ಲಿಷ್ ವಿನ್ಯಾಸಕಾರನ ಹೆಸರಿನದು) ಆಗ ಮತ್ತೆ ಮಾಡುತ್ತಿದ್ದರಲ್ಲ, ಆ ಜಾತಿ. ಮಹಾಗನಿ ಮೈ, ಬಾಕ್ಸ್‌ವುಡ್ ಅನ್ನೋ ತಿಳಿ ಹಳದಿ ಮರದ ಗೆರೆ, ನಡುವೆ ಮರದಲ್ಲೇ ಮಾಡಿದ ಚಿಪ್ಪಿನಾಕಾರದ ಚಿತ್ರ. ಲೆಸ್ಟರ್ ಹತ್ತಿರದ ಹರಾಜಿನಲ್ಲಿ 40 ಪೌಂಡಿಗೆ ಸಿಕ್ಕಿತು, ಕಮಿಷನ್ ಸೇರಿ 50 ದಾಟಿತು. ಯಾರೋ ಮನೆ ಬಿಸಿ ಮಾಡುವ ರೇಡಿಯೇಟರ್ ಪಕ್ಕ ಇಟ್ಟಿದ್ದಿರಬೇಕು. ಮಹಾಗನಿ ಅಡ್ಡಡ್ಡ ಕುಗ್ಗಿದೆ, ಅದರ ಮೇಲಿನ ಗೆರೆ ಉದ್ದಕ್ಕೆ ಕುಗ್ಗಲ್ಲ. ಅದು ಕಮಾನಿನಂತೆ ಎದ್ದು ನಿಂತಿತ್ತು.

ಒದ್ದೆ ಬಟ್ಟೆ, ಇಸ್ತ್ರಿ ಪೆಟ್ಟಿಗೆ ಮೊದಲು ನೋಡಿದೆ. ಮೇಲಿನ ಫ್ರೆಂಚ್ ಪಾಲಿಶ್, ಅಂದರೆ ಅರಗಿನ ಪಾಲಿಶ್, ಬೆಳ್ಳಗಾಯಿತು. ಸೂಪರ್ ಗ್ಲೂ ರದ್ದಿ ತುಂಡಿನ ಮೇಲೆ ನೋಡಿದೆ. ಕಲೆ ಒಳಗಿಳಿದು ಹೋಗಲೇ ಇಲ್ಲ.

ಕೊನೆಗೆ ಕೆಲಸಕ್ಕೆ ಬಂದದ್ದು ಮರವಜ್ರವೇ, ಪ್ರಾಣಿಗಳ ತೊಗಲು-ಮೂಳೆಯಿಂದ ಮಾಡುವ ಅಂಟು. ಟೇಬಲ್ಲಿನ ಹಳೇ ಅಂಟೂ ಅದೇ ಜಾತಿ. 60 ಡಿಗ್ರಿ ಹತ್ತಿರ ಬಿಸಿ ಮಾಡಿ, ತೆಳ್ಳಗೆ ಕಲಸಿ, ಸಿರಿಂಜಿನಲ್ಲಿ ಎದ್ದ ಗೆರೆಯ ಕೆಳಕ್ಕೆ ಬಿಟ್ಟೆ. ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಬಿಸಿನೀರಲ್ಲಿ ಕಾಯಿಸಿ ಒರೆಸಿದ ಅಲ್ಯೂಮಿನಿಯಂ ಹಲಗೆ, ಆಮೇಲೆ ಕ್ಲಾಂಪ್. ಹೊಸ ಅಂಟಿನ ನೀರು, ಹಲಗೆಯ ಬಿಸಿ ಎರಡೂ ಸೇರಿ ಹಳೇ ಅಂಟು ಮತ್ತೆ ಕರಗಿ ಹಿಡಿಯಿತು. ಉದ್ದ ಜಾಸ್ತಿಯಾದ ಗೆರೆಯನ್ನು ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ತರಿದೆ. ಅಂಟಿನಲ್ಲಿ ನೀರಿನ ಜೊತೆ ಇನ್ನೊಂದು ವಸ್ತು ಹಾಕುತ್ತೇನೆ. ಅದು ನನ್ನಲ್ಲೇ ಇರಲಿ.

ಚಿಪ್ಪಿನ ಎರಡು ಎಸಳು ಇರಲಿಲ್ಲ. ಮರದ ಸಿದ್ಧ ಚಿಪ್ಪಿನ ಚಿತ್ರ 15 ಪೌಂಡಿಗೆ ಸಿಗುತ್ತದೆ, ಆದರೆ ತೀರಾ ತೆಳು. ಹಳೇ ವೆನೀರ್ (ಮೇಲೆ ಅಂಟಿಸುವ ಮರದ ಹಾಳೆ) 1 ಮಿಮೀ ಹತ್ತಿರ ಇದೆ, ಹೊಸದು ಗುಳಿಯಾಗಿ ಕೂರುತ್ತದೆ. ಅದಕ್ಕೆ ಹಾಲಿ (holly) ಅನ್ನೋ ಬಿಳಿ ಮರದ ಚೂರು ಕತ್ತರಿಸಿ, ಎಸಳಿಗೆ ನೆರಳಿನ ಛಾಯೆ ಬರಲೆಂದು ಬಿಸಿ ಮರಳಿಗೆ ಅಂಚು ಅದ್ದಿದೆ. ಕಟ್ಟಡದ ದಪ್ಪ ಮರಳಲ್ಲಿ ಚುಕ್ಕೆ ಚುಕ್ಕೆ ಸುಟ್ಟಿತು. ನುಣ್ಣನೆಯ ಮರಳಲ್ಲಿ ಕಂದು ಬಣ್ಣ ಅಂಚಿನಿಂದ ಒಳಕ್ಕೆ ತಾನೇ ಮಾಸುತ್ತಾ ಬಂತು. ಸುಟ್ಟರೆ ಚೂರು ಕುಗ್ಗುತ್ತದೆ, ತುಸು ದೊಡ್ಡದಾಗೇ ಕತ್ತರಿಸಿ. ಸುಮ್ನೆ ಇರಲಾರದೆ ತೇಗದ ಚೂರನ್ನೂ ಅದ್ದಿ ನೋಡಿದೆ. ಬರೀ ಕೊಳಕಾಗಿ ಕಂಡಿತು.

ಪಾಲಿಶ್‌ಗೆ ಊರಿಂದ ತಂದಿದ್ದ ಅರಗಿನ ಚಕ್ಕೆಯನ್ನೇ ಸ್ಪಿರಿಟ್‌ನಲ್ಲಿ ನೆನೆಸಿದೆ. ಇಲ್ಲಿ ಕೊಂಡರೂ ಅದು ಹೆಚ್ಚಾಗಿ ಭಾರತದ್ದೇ ಅಲ್ವಾ? ಎಲ್ಲ ಸೇರಿ ಸಾಮಾನಿನ ಖರ್ಚು 30 ಪೌಂಡ್ ಇರಬಹುದು. ಕೂಲಿ ಲೆಕ್ಕ ಹಾಕಿದರೆ ನಷ್ಟವೇ. ಕಂದು ಮರದ ಹಳೇ ಸಾಮಾನಿಗೆ ಈಗ ಬೆಲೆ ಇಲ್ಲ. ಒಬ್ಬರು 160ಕ್ಕೆ ಕೇಳಿದ್ದಾರೆ. 220ಕ್ಕೆ ಕಡಿಮೆ ಕೊಡಲ್ಲ ಅಂದಿದ್ದೇನೆ.